ಬಂಡಿಯಲ್ಲಿ ಬಾಳಿದ ರೈತ
(ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಮನೆ ಕಟ್ಟುವುದು ಕಷ್ಟ, ನಿಜ. ಆದರೆ ಹಣವಿದ್ದು, ಸ್ವಂತ ಹೊಲವಿದ್ದು, ಅದರಲ್ಲಿ ಮನೆ ಕಟ್ಟಕೂಡದೆಂದು ಸರ್ಕಾರವೇ ತಡೆದರೆ ರೈತನು ಏನು ಮಾಡಬೇಕು? ಇಂಥ ಸಂಕಟಕ್ಕೆ ಸಿಕ್ಕಿದ ಒಂದು ಪುಟ್ಟ ಹಳ್ಳಿಯ ಕಥೆಯನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ಯೂರೋಪಿನ ಪೋಲೆಂಡ್ ದೇಶವನ್ನು ನೆರೆಯ ಮೂರು ರಾಜ್ಯಗಳು ಹಂಚಿಕೊಂಡು, 1795ರಲ್ಲಿ ಅದರ ಹೆಸರನ್ನೇ ನಕ್ಷೆಯಿಂದ ಅಳಿಸಿದವು. ಪಶ್ಚಿಮದಲ್ಲಿರುವ ಪೊಜ್ನಾನ್ ಸೀಮೆ ಪ್ರಷ್ಯಾದ ಪಾಲಾಯಿತು. 1871ರಲ್ಲಿ ಜರ್ಮನ್ ಸಾಮ್ರಾಜ್ಯಕ್ಕೆ ಸೇರಿತು. ರೈ ಎಂಬ ಧಾನ್ಯವನ್ನೂ ಆಲೂಗೆಡ್ಡೆಯನ್ನೂ ಬೆಳೆಯುವ ನಾಡು ಅದು. ಅಲ್ಲಿನ ಪೊದ್‌ಗ್ರಾದೊವಿತ್ಸೆ ಎಂಬ ಹಳ್ಳಿಗೆ ಜರ್ಮನರು 'ಕೈಸರ್‌ಟ್ರಾಯ್' ಎಂದು ಹೆಸರಿಟ್ಟಿದ್ದರು. ಚಕ್ರವರ್ತಿಗೆ ನಿಷ್ಠವಾದದ್ದು ಎಂದು ಅದರ ಅರ್ಥ.

ಪೋಲಿಷ್ ಜನರ ಕೈಯಿಂದ ಭೂಮಿ ಬಿಡಿಸಬೇಕೆಂದು 1886ರಲ್ಲಿ ಬಿಸ್ಮಾರ್ಕನ ಸರ್ಕಾರವು ಒಂದು ವಸಾಹತು ಆಯೋಗವನ್ನು ಸ್ಥಾಪಿಸಿ, ಅದಕ್ಕೆ 10 ಕೋಟಿ ಮಾರ್ಕ್ ಹಣ ಕೊಟ್ಟಿತು. ಆಯೋಗವು ಜಮೀನು ಕೊಂಡು ಜರ್ಮನ್ ಒಕ್ಕಲುಗಳನ್ನು ತಂದು ನೆಲೆಗೊಳಿಸುತ್ತಿತ್ತು. ಅಷ್ಟು ಸಾಲದೆಂದು 1904ರಲ್ಲಿ ಇನ್ನೊಂದು ಕಾನೂನು ಬಂತು. ಹೊಸ ಹಿಡುವಳಿಯಲ್ಲಿ ಮನೆ ಕಟ್ಟಲು ಪರವಾನಗಿ ಬೇಕು. ಪೋಲಿಷ್ ರೈತ ಕೇಳಿದರೆ ಪರವಾನಗಿ ಇಲ್ಲ!

ಅದೇ ವರ್ಷ ಮಿಖಾವ್ ಜಿಮಾವಾ ಎಂಬ ಬಡ ರೈತನು ಆ ಹಳ್ಳಿಯಲ್ಲಿ ತುಂಡು ಜಮೀನು ಕೊಂಡನು. ಮನೆಗೆ ಪರವಾನಗಿ ಸಿಗಲಿಲ್ಲ. ಅವನು ಒಂದು ಹಳೆಯ ಸರ್ಕಸ್ ಬಂಡಿಯನ್ನು ಕೊಂಡು ತಂದು, ಹೊಲದಲ್ಲಿ ನಿಲ್ಲಿಸಿ, ಸಂಸಾರ ಸಮೇತ ಅದರಲ್ಲೇ ವಾಸ ಮಾಡಿದನು. ನಿಂತಲ್ಲೇ ನಿಂತ ಬಂಡಿಯೂ ಮನೆಯೇ ಎಂದು ಅಧಿಕಾರಿಗಳು ವಾದಿಸಿದರು. ಅವನು ದಿನವೂ ಬಂಡಿಯನ್ನು ಅಷ್ಟಿಷ್ಟು ದೂರ ಸರಿಸುತ್ತ ಬಂದನು. ಚಲಿಸುವುದು ಮನೆ ಹೇಗಾದೀತು? ದಂಡ, ಸೆರೆವಾಸ, ಕೋರ್ಟು ಕಚೇರಿ ಎಂದು ವರ್ಷಗಟ್ಟಲೆ ಜಗ್ಗಾಟ ನಡೆಯಿತು. ಸುದ್ದಿ ದೇಶವಿದೇಶಗಳ ಪತ್ರಿಕೆಗಳಲ್ಲಿ ಹಬ್ಬಿತು. ರಷ್ಯಾದ ಟಾಲ್‌ಸ್ಟಾಯ್ ಕೂಡ ಈ ರೈತನ ವಿಷಯ ಬರೆದರು.

ಕೊನೆಗೆ ಗೆದ್ದವರು ಯಾರು? ನಿಜ ಹೇಳಬೇಕು. ಕೋರ್ಟಿನಲ್ಲಿ ಜಿಮಾವಾ ಗೆಲ್ಲಲಿಲ್ಲ. ಆ ಜಮೀನನ್ನು ಮಾರಿ, ಹಳೆಯ ಮನೆಯೊಂದು ಇದ್ದ ಬೇರೆ ಜಮೀನನ್ನು ಕೊಳ್ಳಬೇಕಾಯಿತು. ಒಂಟಿ ರೈತ ಎಷ್ಟೇ ಗಟ್ಟಿಗನಾದರೂ ಸರ್ಕಾರದ ಬೊಕ್ಕಸದ ಮುಂದೆ ಎಷ್ಟು ದಿನ ನಿಂತಾನು?

ಆದರೆ ಆ ಸೀಮೆಯ ರೈತರೆಲ್ಲ ಒಂಟಿಯಾಗಿರಲಿಲ್ಲ. ಕಥೆಯ ಸಾರ ಇರುವುದು ಇಲ್ಲಿ. 1873ರಿಂದ ಮಾಕ್ಸಿಮಿಲಿಯನ್ ಯಾತ್ಸ್‌ಕೊವ್‌ಸ್ಕಿ ಎಂಬ ಜಮೀನ್ದಾರರು ಊರೂರು ತಿರುಗಿ ರೈತ ಮಂಡಲಗಳನ್ನು ಬೆಳೆಸಿದರು. ಮಂಡಲದ ಸದಸ್ಯರು ಒಬ್ಬರ ಹೊಲವನ್ನು ಇನ್ನೊಬ್ಬರು ಹೋಗಿ ನೋಡುತ್ತಿದ್ದರು. ಗೊಬ್ಬರ, ಬೀಜ, ದನಕರುಗಳ ವಿಷಯ ಚರ್ಚಿಸುತ್ತಿದ್ದರು. ಪ್ಯೋತ್ರ್ ವಾವ್‌ಜಿನ್ಯಾಕ್ ಎಂಬ ಪಾದ್ರಿಗಳು ಸಹಕಾರ ಬ್ಯಾಂಕುಗಳನ್ನು ಒಂದು ಒಕ್ಕೂಟದಡಿ ನಡೆಸಿದರು. ರೈತರ ಸಣ್ಣ ಉಳಿತಾಯವೇ ಅವುಗಳ ಬಂಡವಾಳ. ಜಮೀನು ಮಾರಾಟಕ್ಕೆ ಬಂದರೆ, ಈ ಹಣದ ಬಲದಿಂದ ಪೋಲಿಷರೇ ಅದನ್ನು ಕೊಂಡು ಸಣ್ಣ ರೈತರಿಗೆ ಹಂಚುತ್ತಿದ್ದರು.

ಫಲವೇನಾಯಿತು? ಆಯೋಗವು ಮೊದಲನೆಯ ಮಹಾಯುದ್ಧದ ಹೊತ್ತಿಗೆ ಸುಮಾರು 22,000 ಜರ್ಮನ್ ಕುಟುಂಬಗಳನ್ನು ನೆಲೆಗೊಳಿಸಿತು. ಆದರೆ ಅದು ಕೊಂಡ ಜಮೀನಿನಲ್ಲಿ ಹೆಚ್ಚಿನ ಪಾಲು ಜರ್ಮನರಿಂದಲೇ ಬಂದದ್ದು! ಪೋಲಿಷ್ ರೈತರು ಕಳೆದುಕೊಂಡದ್ದಕ್ಕಿಂತ ಕೊಂಡದ್ದೇ ಹೆಚ್ಚಾಯಿತು. ಬೇಸತ್ತ ಸರ್ಕಾರವು 1908ರಲ್ಲಿ ಬಲವಂತದಿಂದ ಜಮೀನು ಕಿತ್ತುಕೊಳ್ಳುವ ಕಾನೂನನ್ನೇ ಮಾಡಬೇಕಾಯಿತು. ಹಣದಿಂದ ಆಗದ್ದನ್ನು ಬಲದಿಂದ ಮಾಡಹೊರಟಿತು ಎಂದ ಮೇಲೆ, ಸೋತವರು ಯಾರೆಂದು ನೀವೇ ತಿಳಿಯಿರಿ.

1918ರಲ್ಲಿ ಪೋಲೆಂಡ್ ಮತ್ತೆ ಸ್ವತಂತ್ರವಾಯಿತು. ಮುಪ್ಪಿನಲ್ಲಿ ಜಿಮಾವಾನಿಗೆ ಸರ್ಕಾರ ಜಮೀನು ಕೊಟ್ಟಿತು. ಅವನು 1937ರಲ್ಲಿ ತೀರಿಕೊಂಡನು. 1939ರಲ್ಲಿ ಆ ಹಳ್ಳಿಗೆ ಅವನ ಹೆಸರನ್ನೇ ಇಟ್ಟು 'ಜಿಮಾವೊವೊ' ಎಂದು ಕರೆದರು. ಚಕ್ರವರ್ತಿಯ ಹೆಸರು ಹೋಯಿತು. ಬಂಡಿಯಲ್ಲಿ ಬಾಳಿದ ರೈತನ ಹೆಸರು ಇಂದಿಗೂ ಉಳಿದಿದೆ.

ಬಾಂಧವರೇ, ಜಿಮಾವಾನ ಛಲ ದೊಡ್ಡದು. ಆದರೆ ಭೂಮಿಯನ್ನು ಉಳಿಸಿದ್ದು ಹನಿಹನಿಯಾಗಿ ಕೂಡಿದ ರೈತರ ಹಣ ಮತ್ತು ಒಗ್ಗಟ್ಟು. ನಮ್ಮ ಸಹಕಾರ ಸಂಘದ ಷೇರು ಹಣ ಕಟ್ಟುವಾಗ, ಸಾಲದ ಕಂತನ್ನು ಗಡುವಿನೊಳಗೆ ತೀರಿಸುವಾಗ, ಈ ಮಾತು ನೆನಪಿನಲ್ಲಿರಲಿ.