ಒಬ್ಬರೇ ಕೋಡ್ ಬರೆದದ್ದು ಸಾಕು, ಈಗ ನಾಲ್ಕು ಜನ ಸೇರಿ ಬರೆಯೋಣ

(ಗಡಿ ತಾಲ್ಲೂಕುಗಳ ಯುವಜನರ ಆನ್‌ಲೈನ್ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ)



ಮಂಜೇಶ್ವರ, ಕಾಸರಗೋಡು, ತಾಳವಾಡಿ, ಹೊಸೂರು, ಆದೋನಿ, ಮಡಕಶಿರಾ, ಅಕ್ಕಲಕೋಟೆ, ಜತ್ತ, ಸೊಲ್ಲಾಪುರ, ಹೀಗೆ ಎಲ್ಲ ಕಡೆಯಿಂದ ಸೇರಿದ್ದೀರಿ. ಬಿಸಿಎ ಕೊನೆಯ ವರ್ಷದವರಿದ್ದೀರಿ, ಡಿಪ್ಲೊಮಾ ಮುಗಿಸಿದವರಿದ್ದೀರಿ, ಇಂಜಿನಿಯರಿಂಗ್ ಮುಗಿದು ವರ್ಷವಾದರೂ ಕೆಲಸ ಸಿಗದೆ ಮನೆಯಲ್ಲಿ ಮಾತು ಕೇಳಿಸಿಕೊಳ್ತಾ ಇರುವವರೂ ಇದ್ದೀರಿ. ನಿಮ್ಮಲ್ಲಿ ಹಲವರು ಕಳಿಸಿದ ರೆಸ್ಯೂಮೆಗಳನ್ನು ನಾವು ಓದಿದ್ದೇವೆ. ಒಂದು ವಿಷಯ ಎಲ್ಲದರಲ್ಲೂ ಒಂದೇ ಥರ ಇದೆ. ಪ್ರಾಜೆಕ್ಟ್ ಅಂತ ಐದು ಹೆಸರಿವೆ: ಕ್ಯಾಲ್ಕುಲೇಟರ್, ಹವಾಮಾನ ಆ್ಯಪ್, ಕೆಲಸಗಳ ಪಟ್ಟಿ, ಕ್ವಿಜ್, ಸ್ವಂತ ವೆಬ್‌ಸೈಟ್. ಐದನ್ನೂ ನೀವೊಬ್ಬರೇ ಮಾಡಿದ್ದೀರಿ.

ಇಂಟರ್‌ವ್ಯೂನಲ್ಲಿ ಕೇಳ್ತಾರೆ: "ತಂಡದಲ್ಲಿ ಕೆಲಸ ಮಾಡಿದ್ದೀರಾ? ಇನ್ನೊಬ್ಬರ ಜೊತೆ ಅಭಿಪ್ರಾಯ ಬೇರೆ ಬಂದಾಗ ಏನು ಮಾಡಿದ್ರಿ?" ಅಲ್ಲಿಗೆ ನಮ್ಮ ಹುಡುಗರ ಬಾಯಿ ಕಟ್ಟುತ್ತೆ. ಹೊರಗೆ ಬಂದು "ನನಗೆ ಕೋಡಿಂಗ್ ಒಗ್ಗೋದಿಲ್ಲ" ಅಂತ ತೀರ್ಮಾನಕ್ಕೆ ಬಂದು ಬೇರೆ ದಾರಿ ಹಿಡಿದವರನ್ನು ನಾವು ಕಂಡಿದ್ದೇವೆ. ಅವರಿಗೆ ಕೋಡಿಂಗ್ ಬರ್ತಿತ್ತು. ನಾಲ್ಕು ಜನರ ನಡುವೆ ಕೂತು ಬರೆಯುವ ಅಭ್ಯಾಸ ಮಾತ್ರ ಇರಲಿಲ್ಲ, ಆ ಅವಕಾಶ ಯಾರೂ ಕೊಟ್ಟಿರಲಿಲ್ಲ. ಇವತ್ತಿನ ಮಾತು ಅದರ ಬಗ್ಗೆಯೇ: ಅನುಭವ ಇರುವ ಒಬ್ಬರ ಕಣ್ಣಳತೆಯಲ್ಲಿ, ನಾಲ್ಕೈದು ಹೊಸಬರು ಸೇರಿ ಒಂದು ಸಣ್ಣ ಪ್ರಾಜೆಕ್ಟ್ ಮುಗಿಸೋದು.

ಕಂಪನಿಯವರು ಇದನ್ನೇ ಯಾಕೆ ಕೇಳ್ತಾರೆ? ಮೊದಲ ಕೆಲಸಕ್ಕೆ ಸೇರಿದ ದಿನ ನಿಮ್ಮ ಕೈಗೆ ಖಾಲಿ ಫೈಲ್ ಕೊಡೋದಿಲ್ಲ. ಎಷ್ಟೋ ಜನ ಬರೆದು ಬಿಟ್ಟುಹೋದ ಕೋಡ್ ಕೊಟ್ಟು, "ಇದರಲ್ಲಿ ಈ ಒಂದು ಬಟನ್ ಕೆಲಸ ಮಾಡ್ತಿಲ್ಲ, ನೋಡಿ" ಅಂತಾರೆ. ಬರೆಯೋದಕ್ಕಿಂತ ಓದೋದೇ ಹೆಚ್ಚು. ಕೇಳಿ ತಿಳಿಯೋದು ಅದಕ್ಕಿಂತ ಹೆಚ್ಚು.

ಸಣ್ಣ ಲೆಕ್ಕ ನೋಡಿ. ಇಬ್ಬರಿದ್ದರೆ ಮಾತಿನ ದಾರಿ ಒಂದು. ನಾಲ್ವರಿದ್ದರೆ 6. ಐವರಾದರೆ 10. ಹತ್ತು ಜನ ಆದರೆ 45. ಜನ ಹೆಚ್ಚಿದಷ್ಟೂ ಮಾತು ತಪ್ಪುವ ಜಾಗಗಳು ಹೆಚ್ಚುತ್ತವೆ. ಐಬಿಎಂನಲ್ಲಿ ದೊಡ್ಡ ಆಪರೇಟಿಂಗ್ ಸಿಸ್ಟಮ್ ಒಂದರ ತಯಾರಿಯ ಹೊಣೆ ಹೊತ್ತಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲಿ 'ದಿ ಮಿಥಿಕಲ್ ಮ್ಯಾನ್-ಮಂತ್' ಅನ್ನೋ ಪುಸ್ತಕ ತಂದರು. ತಡವಾಗಿರುವ ಪ್ರಾಜೆಕ್ಟ್‌ಗೆ ಇನ್ನಷ್ಟು ಜನರನ್ನು ತುಂಬಿದರೆ ಅದು ಇನ್ನೂ ತಡವಾಗುತ್ತೆ ಅನ್ನೋದು ಅವರು ಕಂಡುಕೊಂಡ ಸತ್ಯ. ಐವತ್ತು ವರ್ಷವಾದರೂ ಅದು ಹಳೆಯದಾಗಿಲ್ಲ. ಹಾಗಾಗಿ ಈ ದಾರಿಗಳಲ್ಲಿ ಓಡಾಡೋದಕ್ಕೆ ಬರುವವರನ್ನೇ ಕಂಪನಿಯವರು ಹುಡುಕ್ತಾರೆ.

ಈಗ ಒಂದು ನಿಜವಾದ ತಂಡದ ಕಥೆ ಹೇಳ್ತೀವಿ. ನಾವು ಮಾರ್ಗದರ್ಶಕರಾಗಿ ಜೊತೆಗಿದ್ದ ತಂಡ ಇದು. ತಾಳವಾಡಿಯ ಒಬ್ಬ ಹುಡುಗಿ, ಮಂಜೇಶ್ವರದ ಹುಡುಗ, ಆದೋನಿಯ ಹುಡುಗ, ಅಕ್ಕಲಕೋಟೆಯ ಹುಡುಗಿ. ಒಬ್ಬರ ಊರಿನಲ್ಲಿ ತಮಿಳು, ಒಬ್ಬರಲ್ಲಿ ಮಲಯಾಳಂ, ಒಬ್ಬರಲ್ಲಿ ತೆಲುಗು, ಒಬ್ಬರಲ್ಲಿ ಮರಾಠಿ. ನಾಲ್ವರಿಗೂ ಸಲೀಸಾಗಿ ಬರುವ ಒಂದೇ ಭಾಷೆ ಕನ್ನಡ, ಅದೂ ನಾಲ್ಕು ಥರದ ಕನ್ನಡ. ಕೆಲಸ ಸಣ್ಣದು: ಹಳ್ಳಿಯ ಒಂದು ವಾಚನಾಲಯದ ಪುಸ್ತಕ ಪಟ್ಟಿಯನ್ನು ಮೊಬೈಲ್‌ನಲ್ಲಿ ಹುಡುಕುವ ಹಾಗೆ ಮಾಡೋದು. ಅವಧಿ ಆರು ವಾರ.

ಮೊದಲ ವಾರ ಯಾರೂ ಕೋಡ್ ಬರೆಯಬಾರದು ಅಂದೆವು. ಎಲ್ಲರಿಗೂ ಸಿಟ್ಟು ಬಂತು. ಆ ವಾರ ಒಂದು ಪುಟ ಮಾತ್ರ ಬರೆಸಿದೆವು: ಈ ಆ್ಯಪ್ ಏನು ಮಾಡುತ್ತೆ, ಏನು ಮಾಡೋದಿಲ್ಲ. 'ಮಾಡೋದಿಲ್ಲ' ಅನ್ನೋ ಪಟ್ಟಿಯೇ ಉದ್ದವಾಯ್ತು. ಲಾಗಿನ್ ಇಲ್ಲ, ದಂಡದ ಲೆಕ್ಕ ಇಲ್ಲ, ಪುಸ್ತಕದ ಚಿತ್ರ ಇಲ್ಲ. ಆರು ವಾರದಲ್ಲಿ ಮುಗಿಯೋದು ಅಷ್ಟೇ. ಹೊಸಬರ ಪ್ರಾಜೆಕ್ಟ್‌ಗಳು ಅರ್ಧಕ್ಕೆ ನಿಲ್ಲೋದು ಹೆಚ್ಚಾಗಿ ಆಸೆ ದೊಡ್ಡದಾಗಿರೋದರಿಂದ. ಮುಗಿದ ಸಣ್ಣ ಕೆಲಸಕ್ಕೆ ಅರ್ಧ ನಿಂತ ದೊಡ್ಡ ಕೆಲಸಕ್ಕಿಂತ ಬೆಲೆ ಜಾಸ್ತಿ.

ಎರಡನೇ ವಾರ ಗಿಟ್. ಲಿನಕ್ಸ್ ಕರ್ನಲ್‌ನ ಕೋಡ್ ನೋಡಿಕೊಳ್ಳೋದಕ್ಕೆ ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಕಟ್ಟಿದ ಸಾಧನ ಇದು. ಒಬ್ಬರೇ ಇದ್ದಾಗ ಗಿಟ್ ಅಂದರೆ ಕೋಡ್ ಉಳಿಸಿಡುವ ಪೆಟ್ಟಿಗೆ, ಅಷ್ಟೇ. ನಾಲ್ವರಾದಾಗ ಅದರ ನಿಜವಾದ ಉಪಯೋಗ ಗೊತ್ತಾಗುತ್ತೆ. ಪ್ರತಿಯೊಬ್ಬರೂ ತಮ್ಮದೇ ಬ್ರಾಂಚ್‌ನಲ್ಲಿ ಬರೆಯಬೇಕು. ಮೇನ್ ಬ್ರಾಂಚ್‌ಗೆ ಯಾರೂ ನೇರವಾಗಿ ಕೈ ಹಾಕಬಾರದು. ಬರೆದದ್ದನ್ನು ಪುಲ್ ರಿಕ್ವೆಸ್ಟ್ ಆಗಿ ಇಡಬೇಕು, ಇನ್ನೊಬ್ಬರು ಓದಿ ಒಪ್ಪಿದ ಮೇಲೆ ಸೇರಿಸಬೇಕು. ಇಬ್ಬರು ಒಂದೇ ಸಾಲನ್ನು ತಿದ್ದಿದರೆ ಕಾನ್‌ಫ್ಲಿಕ್ಟ್ ಬರುತ್ತೆ. ಫೈಲ್ ನಡುವೆ ಏಳು ಬಾಣದ ಗುರುತು ಸಾಲಾಗಿ ಕಂಡಾಗ ಮೊದಲ ಸಲ ಎಲ್ಲರೂ ಹೆದರ್ತಾರೆ. ಗಿಟ್ ಅಲ್ಲಿ ಹೇಳ್ತಿರೋದು ಇಷ್ಟೇ: "ನೀವಿಬ್ಬರೂ ಇಲ್ಲಿ ಬೇರೆ ಬೇರೆ ಬರೆದಿದ್ದೀರಿ, ಯಾವುದು ಇರಲಿ ಅಂತ ಮಾತಾಡಿಕೊಳ್ಳಿ." ಆ ಗುರುತು ಕಂಡರೆ ಕೋಡ್ ಅಳಿಸಬೇಡಿ, ಜೊತೆಗಾರರಿಗೆ ಫೋನ್ ಮಾಡಿ.

ಕೋಡ್ ರಿವ್ಯೂ ಅಂದರೆ ಪರೀಕ್ಷೆ ಅಂತ ಹಲವರು ತಿಳಿದಿದ್ದಾರೆ. ನಮ್ಮ ಊರುಗಳಲ್ಲಿ ಮುಯ್ಯಾಳು ಇತ್ತಲ್ಲ, ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು, ಇದೂ ಹಾಗೇ. ಇವತ್ತು ಅವಳ ಕೋಡ್ ನೀವು ಓದಿದರೆ ನಾಳೆ ನಿಮ್ಮದನ್ನು ಅವಳು ಓದ್ತಾಳೆ. ಆದರೆ ಮಾತಿನ ರೀತಿ ಮುಖ್ಯ. "ಏನಿದು, ತಪ್ಪು ಬರೆದಿದ್ದೀಯ" ಅಂದರೆ ಎದುರಿನವರು ಮುದುಡಿಕೊಳ್ತಾರೆ. "ಇಲ್ಲಿ ಲೇಖಕರ ಹೆಸರು ಖಾಲಿ ಬಂದರೆ ಏನಾಗುತ್ತೆ?" ಅಂತ ಕೇಳಿ ನೋಡಿ, ಅವರೇ ತಿದ್ದಿಕೊಳ್ತಾರೆ. ರಿವ್ಯೂಗೆ ಇಡುವವರಿಗೂ ಒಂದು ಮಾತು. ಒಮ್ಮೆಲೇ ಸಾವಿರ ಸಾಲು ಇಟ್ಟರೆ ಯಾರೂ ಓದೋದಿಲ್ಲ, "ಚೆನ್ನಾಗಿದೆ" ಅಂತ ಒತ್ತಿಬಿಡ್ತಾರೆ. ನೂರು ಸಾಲು ಇಟ್ಟರೆ ನಿಜವಾಗಿ ಓದ್ತಾರೆ.

ಮೂರನೇ ವಾರ ತೊಂದರೆ ಬಂತು. ದಿನಾ ಸಂಜೆ 15 ನಿಮಿಷದ ಕರೆ ಇತ್ತು. ಪ್ರತಿಯೊಬ್ಬರೂ ಮೂರು ಮಾತು ಹೇಳಬೇಕು: ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡ್ತೀನಿ, ಎಲ್ಲಿ ಸಿಕ್ಕಿಕೊಂಡಿದ್ದೀನಿ. ಹುಡುಕಾಟದ ಭಾಗ ಬರೆಯುತ್ತಿದ್ದ ತಾಳವಾಡಿಯ ಹುಡುಗಿ ಎರಡು ದಿನ "ನಡೀತಿದೆ" ಅಂತ ಮಾತ್ರ ಹೇಳಿದಳು. ಮೂರನೇ ದಿನ ಕರೆಗೇ ಬರಲಿಲ್ಲ. ಉಳಿದವರು "ಅವಳಿಗೆ ಆಸಕ್ತಿ ಇಲ್ಲ, ಬಿಟ್ಟುಬಿಡೋಣ" ಅಂದರು. ಫೋನ್ ಮಾಡಿದಾಗ ಗೊತ್ತಾಯ್ತು, ಒಂದು ಎರರ್ ಬಿಡಿಸೋಕೆ ಆಗದೆ, ಕೇಳಿದರೆ ದಡ್ಡಿ ಅಂದುಕೊಳ್ತಾರೆ ಅಂತ ಒಳಗೇ ನುಂಗಿಕೊಂಡಿದ್ದಳು. ಎರರ್ ಕೇಳಿಸಿಕೊಂಡ ಆದೋನಿಯ ಹುಡುಗ ಹತ್ತು ನಿಮಿಷದಲ್ಲಿ ದಾರಿ ತೋರಿಸಿದ, ಯಾಕೆಂದರೆ ಹಿಂದಿನ ವಾರ ಅವನೂ ಅಲ್ಲೇ ಸಿಕ್ಕಿಕೊಂಡಿದ್ದ.

ಆವತ್ತು ತಂಡ ಒಂದು ನಿಯಮ ಮಾಡಿಕೊಂಡಿತು. ಒಂದು ಗಂಟೆ ಒಬ್ಬರೇ ಪ್ರಯತ್ನ ಮಾಡಿ, ಆಗದಿದ್ದರೆ ಕೇಳಲೇಬೇಕು. ಕೇಳೋದಕ್ಕೂ ಒಂದು ಕ್ರಮ ಇದೆ: ಏನು ಮಾಡೋಕೆ ಹೊರಟಿದ್ದೆ, ಏನೇನು ಪ್ರಯತ್ನಿಸಿದೆ, ಏನಾಯ್ತು. ಎರರ್ ಸಂದೇಶವನ್ನು ಪೂರ್ತಿಯಾಗಿ, ಅಕ್ಷರದಲ್ಲೇ ಕಳಿಸಬೇಕು. ಸ್ಕ್ರೀನ್‌ನ ಮಸುಕು ಫೋಟೋ ಬೇಡ. ಹೀಗೆ ಬರೆಯುವಾಗಲೇ ಎಷ್ಟೋ ಸಲ ಉತ್ತರ ಹೊಳೆಯುತ್ತೆ.

ನಾಲ್ಕನೇ ವಾರದ ಜಗಳ ಇನ್ನೂ ಚೆನ್ನಾಗಿದೆ, ಕೇಳಿ. ಮಂಜೇಶ್ವರದ ಹುಡುಗನಿಗೆ ಪರೀಕ್ಷೆ ಮಾಡುವ ಹೊಣೆ. ಅವನು ತನ್ನ ಊರಿನ ಕವಿಯ ಹೆಸರು 'ಗೋವಿಂದ ಪೈ' ಅಂತ ಟೈಪ್ ಮಾಡಿ ಹುಡುಕಿದ. ಪಟ್ಟಿಯಲ್ಲಿ ಹೆಸರು ಕಣ್ಣಿಗೆ ಕಾಣ್ತಿದೆ, ಹುಡುಕಿದರೆ ಮಾತ್ರ ಸಿಗ್ತಿಲ್ಲ! ಪಟ್ಟಿ ತಯಾರಿಸಿದವನು "ನನ್ನ ಪಟ್ಟಿ ಸರಿ ಇದೆ" ಅಂದ. ಹುಡುಕಾಟ ಬರೆದವಳು "ನನ್ನ ಕೋಡ್ ಸರಿ ಇದೆ" ಅಂದಳು. ಇಡೀ ಸಂಜೆ ವಾದ. ಇಬ್ಬರದ್ದೂ ಸರಿಯಾಗಿಯೇ ಇತ್ತು. ನಾವು ಒಂದೇ ಪ್ರಶ್ನೆ ಕೇಳಿದೆವು: "ಎರಡೂ ಹೆಸರಿನ ಉದ್ದ ಎಷ್ಟು ಅಂತ ಪ್ರಿಂಟ್ ಮಾಡಿ ನೋಡಿದ್ರಾ?"

ನೋಡಿದರು. ಟೈಪ್ ಮಾಡಿದ ಹೆಸರಿನ ಉದ್ದ 9. ಪಟ್ಟಿಯಲ್ಲಿದ್ದ ಹೆಸರಿನ ಉದ್ದ 12. ಯುನಿಕೋಡ್‌ನಲ್ಲಿ ಕನ್ನಡದ ಕೆಲವು ಸ್ವರಚಿಹ್ನೆಗಳನ್ನು ಎರಡು ಥರ ಬರೆದಿಡಬಹುದು. 'ಗೋ' ಅಕ್ಷರದ ಓಕಾರ ಒಂದೇ ಸಂಕೇತವಾಗಿರಬಹುದು, ಇಲ್ಲವೇ ಮೂರು ಬಿಡಿ ಸಂಕೇತಗಳಾಗಿರಬಹುದು. 'ಪೈ' ಅಕ್ಷರದ ಐಕಾರ ಒಂದಾಗಿರಬಹುದು, ಎರಡಾಗಿರಬಹುದು. ಕಣ್ಣಿಗೆ ವ್ಯತ್ಯಾಸ ಇಲ್ಲ, ಕಂಪ್ಯೂಟರ್‌ಗೆ ಅವು ಬೇರೆ ಬೇರೆ. ಪಟ್ಟಿ ಹಳೆಯ ಫಾಂಟ್‌ನ ಫೈಲ್‌ನಿಂದ ಯುನಿಕೋಡ್‌ಗೆ ಬದಲಾಯಿಸಿ ತಂದದ್ದು, ಅಲ್ಲಿ ಬಿಡಿ ಸಂಕೇತಗಳು ಸೇರಿಕೊಂಡಿದ್ದವು. ಜಾವಾಸ್ಕ್ರಿಪ್ಟ್‌ನಲ್ಲಿ ಇದಕ್ಕೆಂದೇ ನಾರ್ಮಲೈಜ್ ಅನ್ನೋ ಫಂಕ್ಷನ್ ಇದೆ. ಎರಡೂ ಕಡೆ ಅದನ್ನು ಹಾಕಿದರು, ಗೋವಿಂದ ಪೈ ಸಿಕ್ಕರು.

ಈಗ ಯೋಚಿಸಿ. ಈ ಪ್ರಾಜೆಕ್ಟ್ ಒಬ್ಬರೇ ಮಾಡಿದ್ದರೆ? ತಾವೇ ಹತ್ತು ಹೆಸರು ಟೈಪ್ ಮಾಡಿ, ತಾವೇ ಹುಡುಕಿ, "ಎಲ್ಲಾ ಸರಿ" ಅಂತ ಮುಗಿಸ್ತಿದ್ದರು. ಇಬ್ಬರ ಕೆಲಸ ಒಂದಕ್ಕೊಂದು ತಾಗುವ ಜಾಗದಲ್ಲೇ ಈ ತಪ್ಪು ಇತ್ತು. ನಿಜವಾದ ಸಾಫ್ಟ್‌ವೇರ್‌ನಲ್ಲಿ ಕಷ್ಟದ ತಪ್ಪುಗಳು ಇರೋದೇ ಅಂಥ ಜಾಗಗಳಲ್ಲಿ. ಮುಂದೆ ಆ ಹುಡುಗಿಗೆ ಇಂಟರ್‌ವ್ಯೂನಲ್ಲಿ "ಅಭಿಪ್ರಾಯ ಬೇರೆ ಬಂದಾಗ ಏನು ಮಾಡಿದ್ರಿ?" ಅಂತ ಕೇಳಿದರೆ ಅವಳ ಹತ್ತಿರ ಹೇಳೋದಕ್ಕೆ ಒಂದು ಕಥೆ ಇದೆ, ತೋರಿಸೋದಕ್ಕೆ ಪುಲ್ ರಿಕ್ವೆಸ್ಟ್ ಕೂಡ ಇದೆ.

ಮಾರ್ಗದರ್ಶಕರ ಕೆಲಸ ಏನು ಅನ್ನೋದೂ ಇಲ್ಲೇ ಕಾಣುತ್ತೆ. ಅವರು ಕೋಡ್ ಬರೆದುಕೊಡಬಾರದು. ವಾರಕ್ಕೆ ಒಂದು ಗಂಟೆ ಕೂತು, ಕೆಲಸ ಹರಡಿಕೊಂಡರೆ ಕತ್ತರಿಸಬೇಕು, ಮಾತು ನಿಂತರೆ ಮಾತಾಡಿಸಬೇಕು, ಸರಿಯಾದ ಪ್ರಶ್ನೆ ಕೇಳಿ ಸುಮ್ಮನಾಗಬೇಕು. ಅಂಥವರು ಎಲ್ಲಿ ಸಿಗ್ತಾರೆ ಅಂತೀರಾ? ನಿಮ್ಮ ಊರಿನಿಂದಲೇ ಬೆಂಗಳೂರು, ಪುಣೆ, ಹೈದರಾಬಾದ್, ಕೊಚ್ಚಿಗೆ ಹೋಗಿ ಎರಡು ಮೂರು ವರ್ಷ ಕೆಲಸ ಮಾಡಿದ ಅಣ್ಣನೋ ಅಕ್ಕನೋ ಇದ್ದೇ ಇರ್ತಾರೆ. "ನನಗೆ ಕೋಡಿಂಗ್ ಕಲಿಸಿ" ಅಂತ ಕೇಳಬೇಡಿ, ಅವರಿಗೆ ಸಮಯ ಇರೋಲ್ಲ. "ನಾವು ನಾಲ್ವರು ಇದನ್ನು ಆರು ವಾರದಲ್ಲಿ ಮಾಡ್ತಿದ್ದೇವೆ, ಭಾನುವಾರ ಒಂದು ಗಂಟೆ ನೋಡ್ತೀರಾ?" ಅಂತ ಕೇಳಿ. ಇಲ್ಲ ಅನ್ನುವವರು ಕಡಿಮೆ.

ಇದಾದ ಮೇಲೆ ದೊಡ್ಡ ಬಾಗಿಲುಗಳೂ ಇವೆ. ಗೂಗಲ್ ಸಮ್ಮರ್ ಆಫ್ ಕೋಡ್ 2005ರಿಂದ ನಡೀತಿದೆ. ಮುಕ್ತ ತಂತ್ರಾಂಶ ಸಂಸ್ಥೆಗಳ ಅನುಭವಿಗಳು ಹೊಸಬರಿಗೆ ಮಾರ್ಗದರ್ಶನ ಮಾಡ್ತಾರೆ, ಕೆಲಸ ಮುಗಿಸಿದವರಿಗೆ ಹಣವೂ ಸಿಗುತ್ತೆ. ಮೊದಲು ವಿದ್ಯಾರ್ಥಿಗಳಿಗೆ ಮಾತ್ರ ಇತ್ತು, 2022ರಿಂದ 18 ವರ್ಷ ತುಂಬಿದ ಹೊಸಬರಿಗೂ ತೆರೆದಿದೆ. ಕೇರಳದ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಅದರಲ್ಲಿ ಮಾರ್ಗದರ್ಶಕ ಸಂಸ್ಥೆಯಾಗಿ ಭಾಗವಹಿಸಿದೆ. ಅಲ್ಲಿ ಅರ್ಜಿ ಹಾಕುವಾಗ ನಾಲ್ವರ ಜೊತೆ ಮಾಡಿದ ಸಣ್ಣ ಕೆಲಸವೇ ನಿಮ್ಮ ಮೊದಲ ಮೆಟ್ಟಿಲು.

ಒಂದು ಎಚ್ಚರಿಕೆ. "ಇಂಟರ್ನ್‌ಶಿಪ್, ತಂಡದ ಪ್ರಾಜೆಕ್ಟ್, ಸರ್ಟಿಫಿಕೇಟ್ ಗ್ಯಾರಂಟಿ, ಇಷ್ಟು ಸಾವಿರ ಕಟ್ಟಿ" ಅನ್ನುವ ಜಾಹೀರಾತು ನಿಮ್ಮ ಫೋನ್‌ಗೂ ಬರ್ತಿರುತ್ತೆ. ಹಣ ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ: ನನ್ನ ಕೋಡ್ ಯಾರು ಓದ್ತಾರೆ? ನನ್ನ ತಂಡದಲ್ಲಿ ಯಾರಿರ್ತಾರೆ? ಹಿಂದಿನ ತಂಡ ಮಾಡಿದ ಕೆಲಸ ತೋರಿಸ್ತೀರಾ? ಮೂರಕ್ಕೂ ನೇರ ಉತ್ತರ ಬರದಿದ್ದರೆ ಅವರು ಮಾರ್ತಿರೋದು ಕಾಗದ.

ಇನ್ನು ಇಂಗ್ಲಿಷ್ ಭಯ. ಕನ್ನಡ ಮಾಧ್ಯಮದಿಂದ ಬಂದ ನಮ್ಮವರು ತಂಡದ ಕರೆಯಲ್ಲಿ ಸುಮ್ಮನಿರೋದಕ್ಕೆ ದೊಡ್ಡ ಕಾರಣ ಇದೇ. ಯೋಚನೆ, ಚರ್ಚೆ, ಜಗಳ ಕನ್ನಡದಲ್ಲೇ ಮಾಡಿ, ವಿಷಯ ಆಳಕ್ಕೆ ಇಳಿಯುತ್ತೆ. ಬರಹದ ಭಾಗ, ಅಂದರೆ ಕಮಿಟ್ ಸಂದೇಶ, ಇಶ್ಯೂ, ರಿವ್ಯೂ ಟಿಪ್ಪಣಿ, ಇವನ್ನು ಮೊದಲ ದಿನದಿಂದ ಸರಳ ಇಂಗ್ಲಿಷ್‌ನಲ್ಲಿ ಬರೆಯಿರಿ. ಕೊನೆಯ ಎರಡು ವಾರ ಸಂಜೆಯ 15 ನಿಮಿಷ ಮಾತ್ರ ಇಂಗ್ಲಿಷ್‌ನಲ್ಲಿ ಮಾತಾಡಿ. ಬೇಕಾಗೋದು ಹತ್ತು ಹನ್ನೆರಡು ವಾಕ್ಯಗಳು, ದಿನಾ ಅವೇ ಬರ್ತವೆ. ನಗುವವರೂ ನಿಮ್ಮ ಥರದವರೇ ಆಗಿರೋದರಿಂದ ಹೆದರಿಕೆ ಬೇಗ ಹೋಗುತ್ತೆ.

ಈಗ ಮಾಡಬೇಕಾದ್ದು ಇಷ್ಟು. ಈ ಕೂಟದಿಂದ ಹೊರಡುವ ಮೊದಲು ಬೇರೆ ತಾಲ್ಲೂಕಿನ ಮೂವರ ನಂಬರ್ ತಗೊಳ್ಳಿ. ನಿಮ್ಮ ಊರಿನಲ್ಲಿ ಯಾರಿಗಾದರೂ ನಿಜವಾಗಿ ಬೇಕಾಗಿರುವ ಒಂದು ಸಣ್ಣ ಕೆಲಸ ಹುಡುಕಿ: ಹಾಲಿನ ಡೇರಿಯ ಲೆಕ್ಕ, ಶಾಲೆಯ ಹಾಜರಿ, ಬಸ್ಸಿನ ಸಮಯ. ಒಂದು ಪುಟ ಬರೆಯಿರಿ. ಭಾನುವಾರ ಒಂದು ಗಂಟೆ ಕೊಡುವ ಒಬ್ಬರನ್ನು ಹಿಡಿಯಿರಿ. ಯಾರೂ ಸಿಗದಿದ್ದರೆ ನಮಗೆ ಹೇಳಿ, ನಮ್ಮಲ್ಲೊಬ್ಬರು ಕೂರ್ತೇವೆ. ಆರನೇ ವಾರ ಮುಗಿದಾಗ ನಿಮ್ಮ ರೆಸ್ಯೂಮೆಯ ಐದು ಸಾಲುಗಳನ್ನು ಅಳಿಸಿ ಈ ಒಂದೇ ಸಾಲು ಬರೆಯಿರಿ: ನಾಲ್ವರ ತಂಡ, ನನ್ನ ಪಾಲಿನ ಕೆಲಸ ಇದು, ನಾನು ಓದಿ ತಿದ್ದಿಸಿದ ಕೋಡ್ ಇದು, ಊರಿನಲ್ಲಿ ಇಂಥವರು ಇದನ್ನು ಬಳಸ್ತಿದ್ದಾರೆ.

ನಮ್ಮ ಮಾತು ಮುಗೀತು. ಈಗ ನಿಮ್ಮ ಪ್ರಶ್ನೆಗಳು ಬರಲಿ. ಮೈಕ್ ಆನ್ ಮಾಡಿ, ನಿಮ್ಮ ನಿಮ್ಮ ಊರಿನ ಕನ್ನಡದಲ್ಲೇ ಕೇಳಿ.