ತಕ್ಕಡಿಗೆ ಮುದ್ರೆ ಉಂಟು, ನಲ್ಲಿಗೆ ಇಲ್ಲ

(ರಾಮನಗರದಲ್ಲಿ ರೇಷ್ಮೆ ಕಾರ್ಮಿಕರ ಮತ್ತು ಚಿಲ್ಲರೆ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಹಗಲೆಲ್ಲ ದುಡಿದು, ಮನೆಗೆ ಹೋಗಿ ನಲ್ಲಿಯ ಮುಂದೆ ಬಿಂದಿಗೆ ಇಡಬೇಕಾದ ಹೊತ್ತಿನಲ್ಲಿ ನೀವು ಇಲ್ಲಿಗೆ ಬಂದಿದ್ದೀರಿ. ಆದುದರಿಂದ ಸುತ್ತಿ ಬಳಸದೆ ಆ ಬಿಂದಿಗೆಯ ನೀರಿನ ಮಾತನ್ನೇ ಆಡುತ್ತೇನೆ.

ದಿನಸಿ ಅಂಗಡಿ ಇಟ್ಟಿರುವ ಸ್ನೇಹಿತರು ಇಲ್ಲಿ ಅನೇಕರಿದ್ದೀರಿ. ನಿಮ್ಮ ತಕ್ಕಡಿಗೂ ತೂಕದ ಬಟ್ಟುಗಳಿಗೂ ಸರ್ಕಾರದ ಮುದ್ರೆ ಬಿದ್ದಿರಬೇಕು. ಮುದ್ರೆಯಿಲ್ಲದ ಬಟ್ಟು ಇಟ್ಟವನಿಗೆ 2009ರ ಕಾನೂನು ಮಾಪನಶಾಸ್ತ್ರ ಕಾಯಿದೆಯ ಪ್ರಕಾರ ದಂಡ. ಚನ್ನಪಟ್ಟಣದಿಂದ ಬಂದವರೂ ಇದ್ದೀರಿ. ಮಕ್ಕಳು ಬೊಂಬೆಯನ್ನು ಬಾಯಿಗಿಡುತ್ತಾರೆ, ಬಣ್ಣದಲ್ಲಿ ಸೀಸವಿದ್ದರೆ ಮೈಗೆ ಸೇರುತ್ತದೆ ಎಂಬ ಕಾರಣದಿಂದ, 2021ರ ಜನವರಿ 1ರಿಂದ ದೇಶದಲ್ಲಿ ಮಾರುವ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ. ನೋಂದಾಯಿತ ಕುಶಲಕರ್ಮಿಗಳಿಗೆ ವಿನಾಯಿತಿ ಕೊಟ್ಟಿದ್ದಾರೆ, ಅದು ನ್ಯಾಯವೇ. ಆದರೆ ನಿಯಮದ ಹಿಂದಿರುವ ಮಾತು ಸರಿಯಾದದ್ದು: ಮಗುವಿನ ಬಾಯಿಗೆ ಹೋಗುವ ವಸ್ತುವನ್ನು ಪರೀಕ್ಷಿಸಬೇಕು.

ಇನ್ನು ರೇಷ್ಮೆ ಕಾರ್ಮಿಕರು. ಬೇಸಿನ್ನಿನ ಬಿಸಿನೀರಿನಲ್ಲಿ ಬೆರಳು ಬೇಯಿಸಿಕೊಂಡು ನೂಲು ಬಿಚ್ಚುವ ನಿಮಗೆ ನೀರಿನ ಗುಣವನ್ನು ನಾನು ಹೇಳಿಕೊಡಬೇಕಾದ್ದಿಲ್ಲ. ನೀರು ಗಡಸಾದರೆ ಗೂಡು ಹದವಾಗಿ ಬೇಯದು, ನೂಲಿನ ಹೊಳಪು ಕೆಡುತ್ತದೆ, ಮಾರುಕಟ್ಟೆಯಲ್ಲಿ ಬೆಲೆ ಇಳಿಯುತ್ತದೆ. ಹಾಗಾಗಿ ನೂಲಿಗೆ ತಕ್ಕ ನೀರು ಯಾವುದೆಂದು ಕೇಳುವವರಿದ್ದಾರೆ. ಆ ನೂಲು ಬಿಚ್ಚುವ ತಾಯಿಯ ಮಗುವಿಗೆ ತಕ್ಕ ನೀರು ಯಾವುದೆಂದು ಕೇಳುವವರು ಯಾರು?

ಕುಡಿಯುವ ನೀರಿಗೆ ಅಳತೆಯೇ ಇಲ್ಲವೆಂದು ತಿಳಿಯಬೇಡಿ. ಅಳತೆ ಉಂಟು. ಭಾರತೀಯ ಮಾನಕ ಬ್ಯೂರೋ 2012ರಲ್ಲಿ ಪರಿಷ್ಕರಿಸಿದ ಐ.ಎಸ್. 10500 ಎಂಬ ಮಾನಕ ಅದು. ಅದರಲ್ಲಿ ಒಂದೊಂದು ಕಲ್ಮಷಕ್ಕೂ ಇಂತಿಷ್ಟೇ ಎಂಬ ಮಿತಿ ಹಾಕಿದ್ದಾರೆ. ಒಂದು ಲೀಟರ್ ನೀರಿನಲ್ಲಿ ಸೀಸ 0.01 ಮಿಲಿಗ್ರಾಮ್ ಮೀರಬಾರದು. ಒಂದು ಲೀಟರ್ ನೀರು ಹತ್ತು ಲಕ್ಷ ಮಿಲಿಗ್ರಾಮ್ ತೂಗುತ್ತದೆ. ಎಂದರೆ ಹತ್ತು ಕೋಟಿ ಪಾಲಿನಲ್ಲಿ ಒಂದು ಪಾಲು ಸೀಸವೇ ಮೇರೆ. ಕ್ರೋಮಿಯಂ 0.05, ಕ್ಯಾಡ್ಮಿಯಂ 0.003 ಮಿಲಿಗ್ರಾಮ್. ನೈಟ್ರೇಟ್ 45 ಮಿಲಿಗ್ರಾಮ್. ಅದು ಮೀರಿದರೆ ಹಸುಗೂಸಿನ ರಕ್ತ ಪ್ರಾಣವಾಯುವನ್ನು ಹೊರಲಾರದೆ ಮೈ ನೀಲಿಗಟ್ಟುತ್ತದೆ. ಫ್ಲೋರೈಡ್ 1 ಮಿಲಿಗ್ರಾಮ್. ಬೇರೆ ನೀರೇ ಸಿಗದ ಕಡೆ ಒಂದೂವರೆ. ನಮ್ಮ ಕಾಲ ಕೆಳಗಿರುವ ಬಂಡೆ ಭೂಶಾಸ್ತ್ರದಲ್ಲಿ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಹೆಸರಾದದ್ದು. ಗ್ರಾನೈಟ್ ನೆಲದಲ್ಲಿ ಕೊಳವೆ ಬಾವಿ ತೋಡಿದಾಗ ಕಲ್ಲಿನೊಳಗಿನ ಫ್ಲೋರೈಡ್ ಕರಗಿ ಬರುವುದುಂಟು. ಹಲ್ಲು ಕಂದು ಬಣ್ಣಕ್ಕೆ ತಿರುಗುವುದು, ಮೂಳೆ ಬಿಗಿಯುವುದು ಅದರಿಂದಲೇ. ಇನ್ನು ಮಲದಿಂದ ಬರುವ ಇ ಕೋಲಿ ಎಂಬ ರೋಗಾಣು 100 ಮಿಲಿಲೀಟರ್ ನೀರಿನಲ್ಲಿ ಒಂದೂ ಕಾಣಬಾರದು.

ಇಷ್ಟೆಲ್ಲ ಬರೆದಿಟ್ಟ ಮೇಲೆ ತೊಂದರೆ ಏನು ಎಂದು ನೀವು ಕೇಳಬಹುದು. ನಲ್ಲಿಯಲ್ಲಿ ನೀರು ಬಿಡುವ ಪುರಸಭೆಗಾಗಲಿ ಮಂಡಳಿಗಾಗಲಿ ಈ ಮಾನಕ ಕಾನೂನಿನ ಕಟ್ಟಳೆಯಲ್ಲ. ಯೋಜನೆಗಳ ಕಾಗದದಲ್ಲಿ ಅದರ ಹೆಸರು ಬರುತ್ತದೆ, ಆದರೆ ಮಿತಿ ಮೀರಿದ ನೀರು ಬಿಟ್ಟವರಿಗೆ ಅದರಡಿಯಲ್ಲಿ ದಂಡವಿಲ್ಲ. ಬಾಟಲಿಯಲ್ಲಿ ತುಂಬಿ ಮಾರುವ ನೀರಿಗೆ ಆಹಾರ ಸುರಕ್ಷತಾ ಕಾಯಿದೆಯ ಹಿಡಿತವಿದೆ. ಹಣ ಕೊಟ್ಟು ಕೊಳ್ಳುವವನ ನೀರಿಗೆ ಕಾನೂನು ಕಾವಲು, ನಲ್ಲಿಯನ್ನೇ ನಂಬಿದವನ ನೀರಿಗೆ ಬರಿಯ ಸಲಹೆ!

2019ರ ನವೆಂಬರಿನಲ್ಲಿ ಕೇಂದ್ರ ಸರ್ಕಾರವೇ ದೆಹಲಿಯ ಮತ್ತು ರಾಜ್ಯ ರಾಜಧಾನಿಗಳ ನಲ್ಲಿ ನೀರಿನ ಪರೀಕ್ಷೆಯ ಫಲಿತಾಂಶ ಪ್ರಕಟಿಸಿತು. ಮುಂಬಯಿಯೊಂದು ಎಲ್ಲ ಬಾಬುಗಳಲ್ಲಿಯೂ ಗೆದ್ದಿತು. ಸೋತ ಊರುಗಳಲ್ಲಿ ನಮ್ಮ ಬೆಂಗಳೂರೂ ಒಂದು. ಮಾನಕವನ್ನು ಕಡ್ಡಾಯ ಮಾಡಬೇಕೆಂದು ಆಗಿನ ಮಂತ್ರಿ ರಾಮ್ ವಿಲಾಸ್ ಪಾಸ್ವಾನ್ ಹೇಳಿದರು. ಅವರು 2020ರಲ್ಲಿ ತೀರಿಕೊಂಡರು. ಆ ಮಾತು ಮಾತಾಗಿಯೇ ಉಳಿಯಿತು.

ಈಗ ನಮ್ಮ ಸೀಮೆಯ ಕಥೆಗೆ ಬರೋಣ. 1974ನೆಯ ಇಸವಿಯನ್ನು ನೆನಪಿನಲ್ಲಿಡಿ. ಆ ವರ್ಷ ನಮ್ಮ ದೇಶದಲ್ಲಿ ಜಲಮಾಲಿನ್ಯ ತಡೆಯುವ ಕಾಯಿದೆ ಬಂದಿತು. ಕಾವೇರಿ ನೀರಿನ ಮೊದಲ ಹಂತ ಬೆಂಗಳೂರನ್ನು ಮುಟ್ಟಿದ್ದೂ ಅದೇ ವರ್ಷ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಹೊರಟ ಆ ದೊಡ್ಡ ಕೊಳವೆಗಳು ನಮ್ಮ ನೆಲವನ್ನೇ ಹಾದು, ಹಾರೋಹಳ್ಳಿಯಲ್ಲಿ ಪಂಪಾಗಿ, ತಾತಗುಣಿಯ ಮೇಲೆ ರಾಜಧಾನಿಗೆ ಹೋಗುತ್ತವೆ. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಐದನೆಯ ಹಂತವೊಂದರ ಸಾಮರ್ಥ್ಯವೇ ದಿನಕ್ಕೆ 77 ಕೋಟಿ 50 ಲಕ್ಷ ಲೀಟರ್. ಬೆಂಗಳೂರಿನ ಜನ ನೀರು ಕುಡಿಯಬಾರದೆಂದು ನಾನು ಹೇಳುವುದಿಲ್ಲ. ಅಲ್ಲಿಯೂ ನಮ್ಮ ಮಕ್ಕಳೇ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದಾರೆ. ಆದರೆ ಊರಿಗೆ ಕೊಟ್ಟ ನೀರಿನಲ್ಲಿ ನೂರಕ್ಕೆ ಎಂಬತ್ತು ಪಾಲು ಕೊಳಚೆಯಾಗಿ ಹೊರಬೀಳುತ್ತದೆಂಬುದು ಎಂಜಿನಿಯರುಗಳು ಹಿಡಿಯುವ ಲೆಕ್ಕ. ಆ ಕೊಳಚೆ ಎಲ್ಲಿಗೆ ಹೋಗುತ್ತದೆ?

ಅದರ ಒಂದು ದೊಡ್ಡ ಪಾಲು ವೃಷಭಾವತಿಯಲ್ಲಿ ನಮ್ಮ ಕಡೆಗೇ ಇಳಿಯುತ್ತದೆ. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟಿತೆಂದು ಹಿರಿಯರು ಕೈಮುಗಿಯುತ್ತಿದ್ದ ಹೊಳೆ ಅದು. ಇಂದು ಪಶ್ಚಿಮ ಬೆಂಗಳೂರಿನ ಮೋರಿಗಳನ್ನೂ ಪೀಣ್ಯ ಮೊದಲಾದ ಕಡೆಯ ಕಾರ್ಖಾನೆಗಳ ಹೊಲಸನ್ನೂ ಹೊತ್ತು, ಬಿಡದಿಯ ಬಳಿ ಬೈರಮಂಗಲದ ಕೆರೆಗೆ ಬೀಳುತ್ತದೆ. 1940ರ ದಶಕದಲ್ಲಿ ಬೇಸಾಯಕ್ಕೆಂದು ಕಟ್ಟಿದ ಆ ಕೆರೆ ಈಗ ನೊರೆ ಕಾರುತ್ತದೆ. ಅಲ್ಲಿಯ ನೀರು, ಮಣ್ಣು, ಬೆಳೆಗಳಲ್ಲಿ ಭಾರದ ಲೋಹಗಳಿರುವುದನ್ನು ವಿಜ್ಞಾನಿಗಳು ಮತ್ತೆ ಮತ್ತೆ ಪರೀಕ್ಷಿಸಿ ಕಂಡಿದ್ದಾರೆ. ಹಿಪ್ಪುನೇರಳೆ, ಹಸುವಿನ ಹುಲ್ಲು, ತೆಂಗು, ತರಕಾರಿ ಎಲ್ಲವೂ ಆ ನೀರಿನಲ್ಲೇ ಬೆಳೆದಿವೆ. ಹುಲ್ಲು ತಿಂದ ಹಸುವಿನ ಹಾಲು, ಮತ್ತು ತರಕಾರಿ, ಹೋಗುವುದು ಯಾರ ಮನೆಗೆ? ಬೆಂಗಳೂರಿಗೂ ಹೋಗುತ್ತದೆ. ಕಳಿಸಿದವರಿಗೇ ವಾಪಸು! ಅಲ್ಲಿಂದ ಮುಂದೆ ವೃಷಭಾವತಿ ಅರ್ಕಾವತಿಯನ್ನು ಕೂಡಿಕೊಂಡು, ಕನಕಪುರ ತಾಲ್ಲೂಕನ್ನು ಹಾದು, ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಒಳ್ಳೆಯ ನೀರು ಕೊಳವೆಯಲ್ಲಿ ಮೇಲಕ್ಕೆ, ಹೊಲಸು ಹೊಳೆಯಲ್ಲಿ ಕೆಳಕ್ಕೆ. ನಡುವೆ ಕುಳಿತವರು ನಾವು.

ಮಾಗಡಿಯವರ ಪಾಡೂ ಇದೇ. ಅರ್ಕಾವತಿಗೆ ಕುಮುದ್ವತಿ ಕೂಡುವ ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿ ಚಾಮರಾಜಸಾಗರ ಎದ್ದಿತು. ದಶಕಗಳ ಕಾಲ ಬೆಂಗಳೂರಿನ ದಾಹ ತಣಿಸಿತು. ಮೇಲಿನ ಪಾತ್ರದಲ್ಲಿ ಬಡಾವಣೆ, ಕಾರ್ಖಾನೆಗಳು ಬೆಳೆದವು, ಒಳಹರಿವು ಬತ್ತಿತು, ಬಂದ ನೀರೂ ಕೆಟ್ಟಿತು. ಪಾತ್ರವನ್ನು ಕಾಯಲೆಂದು 2003ರಲ್ಲಿ ಅಧಿಸೂಚನೆ ಬಂದಿತು. 2012ರ ಹೊತ್ತಿಗೆ ಅಲ್ಲಿಂದ ನೀರೆತ್ತುವುದೇ ನಿಂತಿತು. 2025ರಲ್ಲಿ ನಮ್ಮ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟರು. ಹೆಸರು ಬರುವುದಕ್ಕೆ ಎಷ್ಟೋ ಮುಂಚೆಯೇ ಬೆಂಗಳೂರಿನ ಮೋರಿ ಬಂದು ಸೇರಿತ್ತು.

ಹಾಗೆಂದು ಎಲ್ಲ ತಪ್ಪನ್ನೂ ರಾಜಧಾನಿಯ ತಲೆಗೆ ಕಟ್ಟಿದರೆ ಅದು ಪ್ರಾಮಾಣಿಕ ಮಾತಾಗದು. ರಾಮನಗರದ ಮೋರಿಗಳೂ ಅರ್ಕಾವತಿಗೇ ಇಳಿಯುತ್ತವೆ. ಗೂಡು ಬೇಯಿಸಿದ ನಾತದ ನೀರೂ ಅಲ್ಲಿಗೇ. ಇದನ್ನು ನಾವು ಒಪ್ಪಿಕೊಂಡೇ ಮಾತನಾಡಬೇಕು. ಆದರೆ ಎರಡು ಬೇಸಿನ್ ಇಟ್ಟುಕೊಂಡಿರುವ ಬಡ ರೀಲರ್‌ಗೆ ನೋಟೀಸು ಅಂಟಿಸಿ, ದೊಡ್ಡ ಕಾರ್ಖಾನೆಯ ರಾತ್ರಿಯ ಕೊಳವೆಗೆ ಕಣ್ಣುಮುಚ್ಚುವುದು ನ್ಯಾಯವಲ್ಲ. ಸಣ್ಣವರೆಲ್ಲರಿಗೂ ಸೇರಿ ಒಂದು ಶುದ್ಧೀಕರಣ ಘಟಕವನ್ನು ಸರ್ಕಾರವೇ ಕಟ್ಟಿಕೊಡಬೇಕು.

ಹೊಳೆಯ ಹೊಲಸು ಒಂದು ಕಡೆಯಾದರೆ, ಊರಿನೊಳಗೆ ಕೊಳವೆಗೆ ಹೊಲಸು ಸೇರುವ ಬಗೆ ಇನ್ನೊಂದು. ಇದನ್ನು ಗಮನವಿಟ್ಟು ಕೇಳಿ. ಶುದ್ಧಿ ಮಾಡಿದ ನೀರು ಟ್ಯಾಂಕಿನಿಂದ ಚೆನ್ನಾಗಿಯೇ ಹೊರಡಬಹುದು. ಆದರೆ ಎರಡು ದಿನಕ್ಕೊಮ್ಮೆ, ಮೂರು ದಿನಕ್ಕೊಮ್ಮೆ ನೀರು ಬಿಡುವ ಕಡೆ, ವಾಲ್ವ್ ಮುಚ್ಚಿದ ಮೇಲೆ ಕೊಳವೆ ಬರಿದಾಗುತ್ತದೆ. ಬರಿದಾದ ಕೊಳವೆ ಸುತ್ತಲಿನದನ್ನು ಹೀರುತ್ತದೆ. ಪಕ್ಕದಲ್ಲೇ ಮೋರಿ, ಕೊಳವೆಯಲ್ಲಿ ಬಿರುಕು. ಮೋರಿಯ ನೀರು ಒಳಗೆ ಸೇರುತ್ತದೆ. ಮತ್ತೆ ನೀರು ಬಿಟ್ಟಾಗ ಮೊದಲ ಬಿಂದಿಗೆಗೆ ಬರುವುದು ಅದೇ. ಇದಕ್ಕೆ ಕಾವಲು ಎಂದರೆ ಕ್ಲೋರಿನ್. ಬೀದಿಯ ಕಟ್ಟಕಡೆಯ ನಲ್ಲಿಯಲ್ಲಿಯೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಮ್ ಕ್ಲೋರಿನ್ ಉಳಿದಿರಬೇಕೆಂದು ಮಾನಕ ಹೇಳುತ್ತದೆ. ವಾಟರ್‌ಮನ್ ಕೈಯಲ್ಲಿ ಒಂದು ಸಣ್ಣ ಪೆಟ್ಟಿಗೆ, ಒಂದು ಹನಿ ಔಷಧ, ಬಣ್ಣ ನೋಡುವುದು. ಐದು ನಿಮಿಷದ ಕೆಲಸ.

ಆ ಐದು ನಿಮಿಷ ಉಳಿಸಿದರೆ ಏನಾಗುತ್ತದೆ? 2022ರ ಮೇ–ಜೂನ್‌ನಲ್ಲಿ ರಾಯಚೂರು ನಗರದಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ಜನ ಸತ್ತರು. 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಸತ್ತರು. ಅದು ದಲಿತರ ಕೇರಿ. ಕೊಳವೆಯ ಕೊನೆಯ ತುದಿಯಲ್ಲಿ ಯಾರ ಮನೆಗಳಿರುತ್ತವೆ ಎಂಬುದು ನಿಮಗೆ ಗೊತ್ತಿದೆ.

ಹೊರದೇಶದಲ್ಲಿ ಇದು ಹೇಗಿದೆ ನೋಡೋಣ. ನಾನು ಹೇಳಿದ ಅದೇ 1974ರಲ್ಲಿ ಅಮೆರಿಕವು ಕುಡಿಯುವ ನೀರಿಗೆಂದೇ ಒಕ್ಕೂಟದ ಕಾನೂನು ಮಾಡಿತು. ಅಲ್ಲಿ ಮಿತಿ ಎಂದರೆ ಕಟ್ಟಳೆ. 1998ರ ನಿಯಮದಂತೆ, ನೀರು ಸರಬರಾಜು ಮಾಡುವವರು ನೀರಿನಲ್ಲಿ ಏನೇನು ಎಷ್ಟೆಷ್ಟು ಸಿಕ್ಕಿತೆಂಬ ವರದಿಯನ್ನು ಪ್ರತಿ ವರ್ಷ ಬಳಕೆದಾರರಿಗೆ ಕೊಡಲೇಬೇಕು. ಆದರೂ 2014ರ ಏಪ್ರಿಲಿನಲ್ಲಿ ಫ್ಲಿಂಟ್ ಎಂಬ ಕಾರ್ಮಿಕರ ಊರಿನಲ್ಲಿ, ಹಣ ಉಳಿಸಲೆಂದು ನೀರಿನ ಮೂಲ ಬದಲಿಸಿದರು. ಆ ನೀರು ಹಳೆಯ ಕೊಳವೆಗಳ ಸೀಸವನ್ನು ಕರಗಿಸಿತು. ನೀರು ಸರಿಯಾಗಿದೆ ಎಂದು ಅಧಿಕಾರಿಗಳು ಹೇಳುತ್ತಲೇ ಇದ್ದರು. ಜನ ತಾವೇ ನೀರು ಹಿಡಿದು ಪರೀಕ್ಷೆಗೆ ಕಳಿಸಿದರು. ಮೋನಾ ಹನ್ನಾ-ಅತ್ತೀಶಾ ಎಂಬ ಮಕ್ಕಳ ವೈದ್ಯೆ ಮಕ್ಕಳ ರಕ್ತದಲ್ಲಿ ಸೀಸ ಏರಿರುವುದನ್ನು 2015ರಲ್ಲಿ ಅಂಕಿಗಳೊಡನೆ ತೋರಿಸಿದರು. ಆಗ ಸರ್ಕಾರ ಮಣಿಯಿತು. ಕಾನೂನು ಬೇಕು, ಅದನ್ನು ಕಾಯುವ ಜನವೂ ಬೇಕು. ಸೀಸದ ವಿಷಯದಲ್ಲಿ ಆಗ ಅವರು ಕ್ರಮಕ್ಕೆ ಇಳಿಯಬೇಕಾಗಿದ್ದ ಮಟ್ಟ 0.015 ಮಿಲಿಗ್ರಾಮ್. ಕಾಗದದ ಮೇಲೆ ನಮ್ಮ ಮಿತಿ ಅದಕ್ಕಿಂತ ಬಿಗಿ!

ನೀರು ಕಾಯಿಸಿ ಕುಡಿದರಾಯಿತಲ್ಲ ಎನ್ನುವವರಿದ್ದಾರೆ. ಕಾಯಿಸಿರಿ, ಬಿಡಬೇಡಿ, ರೋಗಾಣು ಸಾಯುತ್ತದೆ. ಆದರೆ ಸೀಸ, ನೈಟ್ರೇಟ್, ಫ್ಲೋರೈಡ್ ಕುದಿಸಿದರೆ ಹೋಗವು. ನೀರು ಆವಿಯಾದಷ್ಟೂ ಅವು ಗಟ್ಟಿಯಾಗುತ್ತವೆ. ಕ್ಯಾನ್ ನೀರು ಕೊಳ್ಳೋಣ ಎಂದರೆ, ಕೂಲಿಯ ಹಣದಲ್ಲಿ ನೀರಿನ ಪಾಲು ಎಷ್ಟಾಯಿತೆಂದು ತಿಂಗಳ ಕೊನೆಗೆ ಲೆಕ್ಕ ಹಾಕಿರಿ. ಟೀ ಅಂಗಡಿಯವರೂ ಹಾಕಿರಿ. ಪುರಸಭೆಗೆ ನೀರಿನ ಕಂದಾಯವನ್ನೂ ಕಟ್ಟಿ, ಕ್ಯಾನಿಗೂ ಕಟ್ಟಿದರೆ ಒಂದೇ ನೀರಿಗೆ ಎರಡು ಸಲ ಬೆಲೆ ಕೊಟ್ಟಂತೆ.

ಹಾಗಾದರೆ ಏನು ಮಾಡತಕ್ಕದ್ದು? ಮೊದಲನೆಯದಾಗಿ, ಪ್ರತಿ ವಾರ್ಡಿನ ಕೊನೆಯ ನಲ್ಲಿಯ ಕ್ಲೋರಿನ್ ಲೆಕ್ಕ ದಿನವೂ, ರೋಗಾಣು ಪರೀಕ್ಷೆಯ ಫಲಿತಾಂಶ ತಿಂಗಳಿಗೊಮ್ಮೆ, ಲೋಹಗಳದ್ದು ವರ್ಷಕ್ಕೊಮ್ಮೆ ಕನ್ನಡದಲ್ಲಿ ಬೋರ್ಡಿನ ಮೇಲೆ ಬರಬೇಕು. ಆ ಬೋರ್ಡು ಕಚೇರಿಯ ಒಳಗೋಡೆಯಲ್ಲಿ ಬೇಡ. ಗೂಡಿನ ಮಾರುಕಟ್ಟೆಯಲ್ಲಿ, ಬಸ್ ನಿಲ್ದಾಣದಲ್ಲಿ ಇರಲಿ. ಎರಡನೆಯದಾಗಿ, ನೀರು ಸಂವಿಧಾನದ ಪ್ರಕಾರ ರಾಜ್ಯದ ವಿಷಯ. ದೆಹಲಿಗೆ ಕಾಯದೆ ನಮ್ಮ ವಿಧಾನಮಂಡಲವೇ ಐ.ಎಸ್. 10500ನ್ನು ನಲ್ಲಿ ನೀರಿಗೆ ಕಡ್ಡಾಯ ಮಾಡಲಿ. ಶುದ್ಧ ನೀರು ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟು 1991ರಲ್ಲೇ ಹೇಳಿದೆ. ಮೂರನೆಯದಾಗಿ, ಬೆಂಗಳೂರಿನ ಕೊಳಚೆ ಬೆಂಗಳೂರಿನಲ್ಲೇ ಶುದ್ಧವಾಗಬೇಕು. ಕಾರ್ಖಾನೆಯ ವಿಷ ಕಾರ್ಖಾನೆಯ ಬಾಗಿಲಲ್ಲೇ ನಿಲ್ಲಬೇಕು. ಕೆಡಿಸಿದವನೇ ಖರ್ಚು ಕೊಡಬೇಕೆಂಬುದನ್ನೂ 1996ರಲ್ಲಿ ಅದೇ ಕೋರ್ಟು ಎತ್ತಿಹಿಡಿದಿದೆ.

ಇದನ್ನು ನಾಳೆಯೇ ಆರಂಭಿಸಬಹುದು. 2005ರ ಮಾಹಿತಿ ಹಕ್ಕು ಕಾಯಿದೆಯಡಿ ಹತ್ತು ರೂಪಾಯಿ ಕಟ್ಟಿ ಒಂದು ಅರ್ಜಿ ಬರೆಯಿರಿ: ನಮ್ಮ ವಾರ್ಡಿನ ನೀರಿನ ಕಳೆದ ಹನ್ನೆರಡು ತಿಂಗಳ ಪರೀಕ್ಷಾ ವರದಿಗಳ ಪ್ರತಿ ಕೊಡಿ. ವರದಿ ಬಂದರೆ ಈ ಭಾಷಣದಲ್ಲಿ ಹೇಳಿದ ಮಿತಿಗಳ ಪಕ್ಕದಲ್ಲಿಟ್ಟು ಓದಿರಿ. ಪರೀಕ್ಷೆಯೇ ಮಾಡಿಲ್ಲವೆಂದು ಉತ್ತರ ಬಂದರೆ, ಆ ಉತ್ತರವನ್ನೇ ಹಿಡಿದು ಪುರಸಭೆಯ ಮುಂದೆ ನಿಲ್ಲೋಣ. ಹಳ್ಳಿಗಳಿಂದ ಬಂದ ತಾಯಂದಿರು, ಜಲಜೀವನ ಯೋಜನೆಯಲ್ಲಿ ಪ್ರತಿ ಊರಿನ ಐವರು ಹೆಣ್ಣುಮಕ್ಕಳಿಗೆ ನೀರು ಪರೀಕ್ಷಿಸುವ ಕಿಟ್ ಬಳಸಲು ತರಬೇತಿ ಕೊಡಬೇಕೆಂದಿದೆ. ನಿಮ್ಮ ಊರಿನ ಕಿಟ್ ಯಾವ ಬೀರುವಿನಲ್ಲಿದೆ ಎಂದು ಪಂಚಾಯಿತಿಯಲ್ಲಿ ಕೇಳಿರಿ.

ಬಂಧುಗಳೇ, ನಿಮ್ಮ ಅಂಗಡಿಗೆ ಬಂದ ಗಿರಾಕಿ ತಕ್ಕಡಿಯ ಮುದ್ರೆ ತೋರಿಸು ಎಂದರೆ ನೀವು ಸಿಟ್ಟಾಗುವುದಿಲ್ಲ, ತೋರಿಸುತ್ತೀರಿ. ನೀರಿಗೆ ಹಣ ಕಟ್ಟುವ ನಾವೂ ಗಿರಾಕಿಗಳೇ. ನಲ್ಲಿಯ ಮುದ್ರೆ ತೋರಿಸಿ ಎಂದು ಕೇಳೋಣ, ತೋರಿಸುವ ತನಕ ಕೇಳೋಣ.