ಹಳೆಯ ಕಾರಿನ ಊರುಗೋಲು

ಹಳೆಯ ವಸ್ತುವೊಂದನ್ನು ಇಟ್ಟುಕೊಂಡು ಬಾಳುವವನಿಗೆಂದು ಲೋಕವು ಎರಡು ಉಪದೇಶಗಳನ್ನು ಸದಾ ಸಿದ್ಧವಾಗಿಟ್ಟಿರುತ್ತದೆ. ಮಾರಿಬಿಡಿ ಎಂಬುದು ಒಂದು. ಹೇಗೋ ಅಗ್ಗದಲ್ಲಿ ತೇಪೆ ಹಾಕಿಸಿ ಓಡಿಸಿ ಎಂಬುದು ಇನ್ನೊಂದು. ೨೫ ವರ್ಷ ದಾಟಿದ ಮಾರುತಿ ೮೦೦ ಕಾರಿನ ಒಡೆಯನಾದ ನಾನು ಎರಡನ್ನೂ ಬೇಕಾದಷ್ಟು ಕೇಳಿದ್ದೇನೆ. ಇವುಗಳ ನಡುವೆ ಮೂರನೆಯ ದಾರಿಯೊಂದಿದೆ ಎಂದು ನನಗೆ ಕಲಿಸಿದ್ದು ಆ ಕಾರಿನ ಮುಂದಿನ ಚಕ್ರಗಳಿಗೆ ಆಧಾರವಾದ ಒಂದು ಜೊತೆ ಕಂಬಗಳು. ಪುಸ್ತಕಗಳಲ್ಲಿ ಅವಕ್ಕೆ ಸ್ಟ್ರಟ್ ಎಂದು ಹೆಸರು. ಗ್ಯಾರೇಜಿನವರ ಬಾಯಲ್ಲಿ ಶಾಕಬ್ಸರ್. ನಾನು ಮನಸ್ಸಿನಲ್ಲೇ ಊರುಗೋಲು ಎಂದು ಕರೆದುಕೊಂಡಿದ್ದೇನೆ.

ನಮ್ಮ ತಾಯಿಯವರಿಗೆ ಎಂಬತ್ತೈದು ದಾಟಿದೆ. ಬೆನ್ನುನೋವಿನ ಚಿಕಿತ್ಸೆಗಾಗಿ ಅವರನ್ನು ತಿಂಗಳಿಗೊಮ್ಮೆ ಆಸ್ಪತ್ರೆಗೆ ಕರೆದೊಯ್ಯಬೇಕು. ಆಟೋರಿಕ್ಷಾದ ಕುಲುಕಾಟ ಅವರಿಗಾಗದು; ಈ ಕಾರಿನ ಹಿಂದಿನ ಸೀಟು ಮಾತ್ರ ಅವರ ಮೈಗೆ ಒಗ್ಗಿಹೋಗಿದೆ. ಆದರೆ ಕೆಲವು ತಿಂಗಳುಗಳಿಂದ ಆ ಸೀಟೂ ಅವರನ್ನು ನೋಯಿಸತೊಡಗಿತ್ತು. ಹಳ್ಳ ಕಂಡಲ್ಲಿ ಕಾರಿನ ಮೂಗು ನೆಲಕ್ಕೆ ಬಾಗುವುದು, ಎದ್ದಮೇಲೂ ದೋಣಿಯಂತೆ ತೂಗಾಡುವುದು. ಅಮ್ಮ ಸೆರಗನ್ನು ಬಾಯಿಗೊತ್ತಿ ಸುಮ್ಮನೆ ಕುಳಿತಿರುತ್ತಿದ್ದರು. ರಸ್ತೆಯನ್ನು ಬೈದು ನಾನೂ ಸುಮ್ಮನಿದ್ದೆ. ನಮ್ಮ ಬೆಂಗಳೂರಿನಲ್ಲಿ ರಸ್ತೆಯನ್ನು ಬೈಯುವುದಕ್ಕೆ ಹೆಚ್ಚಿನ ಪ್ರಮಾಣ ಬೇಕಿಲ್ಲವಷ್ಟೆ!

ಒಂದು ದಿನ ತಿರುವಿನಲ್ಲಿ ಸೈಕಲ್ಲಿನ ಹುಡುಗನೊಬ್ಬ ಅಡ್ಡ ಬಂದ. ಬ್ರೇಕ್ ಅದುಮಿದೆ. ಬ್ರೇಕು ಚೆನ್ನಾಗಿಯೇ ಇತ್ತು; ಆದರೆ ಎಡಗಡೆಯ ಚಕ್ರ ಹರಕು ರಸ್ತೆಯ ಮೇಲೆ ಕುಪ್ಪಳಿಸಿತೇ ಹೊರತು ನೆಲವನ್ನು ಕಚ್ಚಲಿಲ್ಲ. ಕಾರು ನಿಂತಾಗ ಅದಕ್ಕೂ ಹುಡುಗನಿಗೂ ನಡುವೆ ಒಂದು ಗೇಣು ಅಂತರವಿತ್ತು. ಅವನು ನನ್ನನ್ನೊಮ್ಮೆ ನೋಡಿ ಹೊರಟುಹೋದ. ನನ್ನ ಕೈ ಮಾತ್ರ ಬಹಳ ಹೊತ್ತು ನಡುಗುತ್ತಿತ್ತು. ರಸ್ತೆಯನ್ನು ಬೈಯುವುದು ಅಂದಿಗೆ ಮುಗಿಯಿತು.

ಮೊದಲು ಹೋದದ್ದು ಗಾಜಿನ ಬಾಗಿಲಿನ ದೊಡ್ಡ ಗ್ಯಾರೇಜಿಗೆ. ಅವರು ಕಾರಿನ ಕೆಳಗೆ ಬ್ಯಾಟರಿ ಬಿಟ್ಟು ನೋಡಿ ಉದ್ದನೆಯ ಪಟ್ಟಿಯೊಂದನ್ನು ಕೊಟ್ಟರು: ಮುಂದಿನ ಎರಡು ಕಂಬಗಳು, ಸ್ಪ್ರಿಂಗುಗಳು, ಹಿಂದಿನ ಎರಡು ಶಾಕ್ ಅಬ್ಸಾರ್ಬರುಗಳು, ಬುಷ್‌ಗಳು, ಕೂಲಿ, ತೆರಿಗೆ. ಒಟ್ಟು ಮೊತ್ತ, ಗುಜರಿಯವನು ಇಡೀ ಕಾರಿಗೆ ಕೊಡಲೊಪ್ಪಿದ್ದ ಹಣದ ಹತ್ತಿರಕ್ಕೆ ಬಂದಿತ್ತು. ಮೂಗಿಗಿಂತ ಮೂಗುತಿ ಭಾರವೆಂಬ ಗಾದೆ ನೆನಪಾಯಿತು. ಪಟ್ಟಿಯನ್ನು ಮಡಿಸಿ ಜೇಬಿಗಿಟ್ಟು ಜೆ.ಸಿ. ರಸ್ತೆಯ ದಾರಿ ಹಿಡಿದೆ.

ವಾಹನಗಳ ಬಿಡಿಭಾಗಗಳಿಗೆ ಬೆಂಗಳೂರಿನಲ್ಲಿ ಜೆ.ಸಿ. ರಸ್ತೆ ಎಂದರೆ ಪುಸ್ತಕಗಳಿಗೆ ಅವೆನ್ಯೂ ರಸ್ತೆ ಇದ್ದಂತೆ. ಒಂದೇ ಕಂಬಕ್ಕೆ ಅಲ್ಲಿ ನಾಲ್ಕು ಬೆಲೆಗಳನ್ನು ಕೇಳಿದೆ. ಒಂದು ಅಂಗಡಿಯಲ್ಲಿ, ಪ್ರಸಿದ್ಧ ಹೆಸರನ್ನೇ ಹೋಲುವ, ಆದರೆ ಒಂದಕ್ಷರ ಬೇರೆಯಾದ ಹೆಸರಿನ ಪೆಟ್ಟಿಗೆ ಅರ್ಧ ಬೆಲೆಗೆ ಸಿಗುತ್ತಿತ್ತು. ಕೈಯನ್ನು ಜೇಬಿಗೆ ಹಾಕಿಯೂ ಆಗಿತ್ತು. ಯಾರಿಗಾದರೂ ತೋರಿಸಿ ಕೊಳ್ಳುವುದು ಮೇಲೆಂದು ಯಾಕೋ ಅನ್ನಿಸಿ ಹಿಂದಿರುಗಿದೆ. ಮರುದಿನ ನಮ್ಮ ಬಡಾವಣೆಯ ಹಳೆಯ ಮೇಸ್ತ್ರಿಯೊಬ್ಬರ ಬಳಿಗೆ ಕಾರನ್ನು ಒಯ್ದೆ.

ಅವರು ಪಟ್ಟಿಯನ್ನು ಓದಲಿಲ್ಲ. ಕಾರಿನ ಮುಂದಿನ ಮೂಲೆಯ ಮೇಲೆ ಎರಡು ಕೈಯಿಟ್ಟು ಬಲವಾಗಿ ಅದುಮಿ ಬಿಟ್ಟರು. ಕಾರು ಎದ್ದಿತು, ಇಳಿಯಿತು, ಮತ್ತೆ ಎದ್ದಿತು, ಮತ್ತೆ ಇಳಿಯಿತು. “ನೋಡಿ ಮೇಷ್ಟ್ರೇ, ಒಂದು ಸಲ ಎದ್ದು ನಿಂತುಬಿಡಬೇಕು. ಇದು ಇನ್ನೂ ಉಯ್ಯಾಲೆ ಆಡ್ತಾ ಇದೆ,” ಎಂದರು. ಹಿಂದಿನ ಮೂಲೆಗಳನ್ನೂ ಹಾಗೆಯೇ ಅದುಮಿದರು. ಅವು ಒಮ್ಮೆ ಎದ್ದು ನಿಂತವು. ಬಳಿಕ ಎಡಗಂಬದ ಮೈಗೆ ಬೆರಳು ಸವರಿ ತೋರಿಸಿದರು. ಬೆರಳಿನ ತುಂಬ ಎಣ್ಣೆ. ಟೈರನ್ನು ಸವರಿದಾಗ ಅದರ ಮೈ ಅಲ್ಲಲ್ಲಿ ಗುಳಿಗುಳಿಯಾಗಿತ್ತು. ಕುಪ್ಪಳಿಸಿ ಓಡಿದ ಚಕ್ರದ ಗುರುತು ಅದು.

ಆ ಹೊತ್ತಿನಲ್ಲಿ ಅವರಿಂದ ಕೇಳಿದ್ದನ್ನೂ ಆಮೇಲೆ ಓದಿ ತಿಳಿದದ್ದನ್ನೂ ಸೇರಿಸಿ ಹೇಳುತ್ತೇನೆ. ಕಾರಿನ ಭಾರವನ್ನು ಹೊರುವುದು ಸ್ಪ್ರಿಂಗು. ಆದರೆ ಸ್ಪ್ರಿಂಗಿಗೆ ಕುಣಿಯುವುದು ಗೊತ್ತೇ ವಿನಾ ನಿಲ್ಲುವುದು ಗೊತ್ತಿಲ್ಲ. ಅದನ್ನು ನಿಲ್ಲಿಸುವುದು ಶಾಕ್ ಅಬ್ಸಾರ್ಬರಿನ ಕೆಲಸ. ಕೊಳವೆಯೊಳಗಿನ ಎಣ್ಣೆ ಸಣ್ಣ ರಂಧ್ರಗಳ ಮೂಲಕ ನುಸುಳಬೇಕಾಗಿ ಬಂದಾಗ ಕುಣಿತದ ಶಕ್ತಿಯೆಲ್ಲ ಶಾಖವಾಗಿ ಕರಗಿಹೋಗುತ್ತದೆ. ಅಂಬಾಸಡರ್, ಪದ್ಮಿನಿ ಕಾರುಗಳ ಮುಂಭಾಗದಲ್ಲಿ ಭಾರ ಹೊರುವುದಕ್ಕೆ ಒಂದು ಅಂಗ, ಕುಣಿತ ತಡೆಯುವುದಕ್ಕೆ ಇನ್ನೊಂದು, ಚಕ್ರವನ್ನು ನೆಟ್ಟಗೆ ಹಿಡಿಯುವುದಕ್ಕೆ ಮತ್ತೊಂದು ಎಂಬ ಏರ್ಪಾಡಿತ್ತು. ೧೯೮೩ರ ಡಿಸೆಂಬರಿನಲ್ಲಿ ನಮ್ಮ ದೇಶದ ರಸ್ತೆಗಿಳಿದ ಮಾರುತಿಯ ಮುಂಭಾಗದಲ್ಲಾದರೋ ಈ ಮೂರು ಕೆಲಸಗಳೂ ಒಂದೇ ಕಂಬದ ಪಾಲಿಗೆ ಬಂದವು. ಸ್ಪ್ರಿಂಗು ಅದರ ಹೆಗಲ ಮೇಲೆ, ಎಣ್ಣೆ ಅದರ ಹೊಟ್ಟೆಯಲ್ಲಿ. ಸ್ಟಿಯರಿಂಗ್ ತಿರುಗಿಸಿದಾಗ ಚಕ್ರದೊಡನೆ ತಿರುಗುವುದೂ ಅದೇ ಕಂಬ.

ಈ ಉಪಾಯವನ್ನು ರೂಢಿಗೆ ತಂದವನು ಅಮೆರಿಕದ ಅರ್ಲ್ ಮ್ಯಾಕ್‌ಫರ್ಸನ್ ಎಂಬ ಇಂಜಿನಿಯರು. ಎರಡನೆಯ ಮಹಾಯುದ್ಧ ಮುಗಿದ ಕಾಲದಲ್ಲಿ ಅವನು ಷೆವರ್ಲೆ ಕಂಪನಿಗಾಗಿ ಹಗುರವೂ ಅಗ್ಗವೂ ಆದ ಪುಟ್ಟ ಕಾರೊಂದನ್ನು ರೂಪಿಸುತ್ತಿದ್ದ. ೧೯೪೭ರಲ್ಲಿ ಕಂಪನಿ ಆ ಯೋಜನೆಯನ್ನು ಕೈಬಿಟ್ಟಿತು. ಅವನು ಫೋರ್ಡಿಗೆ ಸೇರಿದ. ೧೯೫೦ರಲ್ಲಿ ಇಂಗ್ಲೆಂಡಿನ ಫೋರ್ಡ್ ಕಾನ್ಸಲ್, ಝೆಫಿರ್ ಕಾರುಗಳು ಅವನ ಕಂಬವನ್ನು ಹೊತ್ತು ಬಂದವು. ಪ್ರಪಂಚದ ಅಸಂಖ್ಯ ಸಣ್ಣ ಕಾರುಗಳು ಇಂದಿಗೂ ನಿಂತಿರುವುದು ಅದರ ಆಧಾರದ ಮೇಲೆಯೇ. ಬಡ ಸಂಸಾರದಲ್ಲಿ ಅಡಿಗೆ, ಹಟ್ಟಿ, ಹೊಲ ಮೂರನ್ನೂ ಒಬ್ಬಳೇ ಸೊಸೆ ನೋಡಿಕೊಳ್ಳುವಂತೆ, ಮಿತವ್ಯಯದ ಮನೆಯಲ್ಲಿ ಹುಟ್ಟಿದ ಕಂಬ ಇದು. ಅಂಥ ಸೊಸೆ ಹಾಸಿಗೆ ಹಿಡಿದರೆ ಮೂರು ಕೆಲಸಗಳೂ ಒಟ್ಟಿಗೇ ಕೆಡುತ್ತವೆ. ಅಮ್ಮನ ಬೆನ್ನುನೋವೂ ನನ್ನ ಟೈರಿನ ಗುಳಿಗಳೂ ಆ ಹುಡುಗನ ಗಂಡಾಂತರವೂ ಒಂದೇ ಕಾಯಿಲೆಯ ಲಕ್ಷಣಗಳೆಂದು ನನಗೆ ಆಗ ತಿಳಿಯಿತು.

ಹಾಗಾದರೆ ಅಗ್ಗದ ದಾರಿ ಯಾವುದು? ಮೇಸ್ತ್ರಿ ಮೂರನ್ನು ತಳ್ಳಿಹಾಕಿದರು. ಕೊಳವೆಗೆ ತೂತು ಕೊರೆದು ಗಟ್ಟಿ ಎಣ್ಣೆ ತುಂಬಿ ಬೆಸುಗೆ ಹಾಕಿಕೊಡುವವರಿದ್ದಾರೆ. ಸವೆದ ಸೀಲೂ ಕವಾಟಗಳೂ ಒಳಗೆ ಹಾಗೆಯೇ ಉಳಿಯುತ್ತವಾದ್ದರಿಂದ ಕೆಲವು ದಿನ ಬಿಗಿಯಾಗಿದ್ದು ಮತ್ತೆ ಸೋರುತ್ತದೆ. ಗುಜರಿಯಿಂದ ತಂದ ಕಂಬದ ವಯಸ್ಸು ಯಾರಿಗೂ ತಿಳಿಯದು. ಹೊಳಪಿನ ಸರಳಿನ ಮೇಲೆ ತುಕ್ಕಿನ ಒಂದು ಚುಕ್ಕೆಯಿದ್ದರೂ ಅದು ಸೀಲನ್ನು ಕೊಯ್ದುಹಾಕುತ್ತದೆ. ಇನ್ನು ಒಂದಕ್ಷರ ಬೇರೆಯಾದ ಪೆಟ್ಟಿಗೆ. ಅಗ್ಗಕ್ಕೆ ಆಸೆಪಟ್ಟು ಮುಗ್ಗಲು ಜೋಳ ಕೊಂಡವನ ಕಥೆಯನ್ನು ಅವರು ನನಗೆ ಹೇಳಬೇಕಾಗಲಿಲ್ಲ.

ಅವರು ತೋರಿಸಿದ ದಾರಿ ಬೇರೆ. ಮೊದಲನೆಯದು, ಕೆಟ್ಟದ್ದು ಯಾವುದೆಂದು ತಿಳಿದು ಅದನ್ನಷ್ಟೇ ಬದಲಾಯಿಸುವುದು. ಸ್ಪ್ರಿಂಗುಗಳು ಮುರಿದಿರಲಿಲ್ಲ, ಕುಸಿದೂ ಇರಲಿಲ್ಲ. ಹಿಂಭಾಗಕ್ಕೆ ಏನೂ ಆಗಿರಲಿಲ್ಲ. ಹೋಗಿದ್ದವು ಮುಂದಿನ ಎಣ್ಣೆಗೊಳವೆಗಳು ಮತ್ತು ಅವುಗಳ ನೆತ್ತಿಯ ಮೇಲಿನ ರಬ್ಬರು. ಸೋರಿದ್ದು ಎಡಗಡೆಯದಾದರೂ ಜೊತೆಯಾಗಿಯೇ ಬದಲಾಯಿಸಬೇಕು; ಒಂದು ಕಾಲು ಗಟ್ಟಿ, ಒಂದು ಕಾಲು ಸೊಟ್ಟವಾದರೆ ಬ್ರೇಕ್ ಹಾಕಿದಾಗ ಕಾರು ಒಂದು ಪಕ್ಕಕ್ಕೆ ಎಳೆಯಬಹುದು. ಎರಡನೆಯದು, ಕಾರಿನ ಕಂಪನಿಗಳು ಇಂಥ ಭಾಗಗಳನ್ನು ಬಹುಮಟ್ಟಿಗೆ ಬೇರೆ ತಯಾರಕರಿಂದ ಕೊಳ್ಳುತ್ತವೆ. ಆ ತಯಾರಕರು ಅದೇ ಬಗೆಯ ಮಾಲನ್ನು ತಮ್ಮದೇ ಹೆಸರಿನ ಪೆಟ್ಟಿಗೆಯಲ್ಲಿಟ್ಟು ಅಂಗಡಿಗಳಿಗೂ ಕೊಡುವುದುಂಟು. ಪೆಟ್ಟಿಗೆಯ ಹೆಸರು ಬದಲಾದರೆ ಬೆಲೆಯೂ ಇಳಿಯುತ್ತದೆ. ಮೂರನೆಯದು, ನಮ್ಮ ಕಾರು ಬಳಗ ದೊಡ್ಡದಾದ ಕಾರು. ೨೦೧೪ರಲ್ಲಿ ಅದರ ತಯಾರಿಕೆ ನಿಲ್ಲುವ ಹೊತ್ತಿಗೆ ೨೫ ಲಕ್ಷಕ್ಕೂ ಮಿಕ್ಕಿ ಮಾರಾಟವಾಗಿತ್ತು. ಇಷ್ಟು ಜನ ಓಡಿಸಿದ ಕಾರಿಗೆ ಬಿಡಿಭಾಗ ಹುಡುಕಿದರೆ ಸಿಗುತ್ತದೆ. ಆದರೆ ಒಂದೇ ಹೆಸರಿನ ಕಾರಿಗೂ ವರ್ಷದಿಂದ ವರ್ಷಕ್ಕೆ ಭಾಗಗಳು ಬದಲಾಗುವುದುಂಟು. ಆದ್ದರಿಂದ ಚಾಸಿ ನಂಬರನ್ನು ಬರೆದುಕೊಂಡು, ಸಾಧ್ಯವಾದರೆ ಹಳೆಯದನ್ನೇ ಕೈಯಲ್ಲಿ ಹಿಡಿದು, ಎಡ ಯಾವುದು ಬಲ ಯಾವುದು ಎಂದು ಕೇಳಿ, ರಸೀದಿ ಪಡೆದು ಕೊಳ್ಳಬೇಕು.

ಹಾಗೆಯೇ ಮಾಡಿದೆ. ಮತ್ತೆ ಜೆ.ಸಿ. ರಸ್ತೆಗೆ ಹೋಗಿ, ತಯಾರಕರ ಪೆಟ್ಟಿಗೆಯ ಜೊತೆಯನ್ನು ತಂದೆ. ಮೇಸ್ತ್ರಿ ಸ್ಪ್ರಿಂಗನ್ನು ತಿರುಪಿನ ಇಕ್ಕುಳಗಳಿಂದ ಸುತ್ತು ಸುತ್ತಾಗಿ ಅದುಮಿ ಬಿಚ್ಚುವಾಗ ನನ್ನನ್ನು ದೂರ ನಿಲ್ಲಿಸಿದರು. ಅದುಮಿದ ಸ್ಪ್ರಿಂಗು ಸಿಡಿದರೆ ಆಳು ಉಳಿಯುವುದಿಲ್ಲವಂತೆ. ಉಳಿತಾಯದ ಹುರುಪಿನಲ್ಲಿ ಈ ಕೆಲಸವನ್ನು ಮನೆಯಂಗಳದಲ್ಲಿ ಮಾಡಹೊರಡುವವರು ಇದನ್ನು ನೆನಪಿಡಬೇಕು. ಹೊಸ ಕೊಳವೆಗಳನ್ನು ನೆಟ್ಟಗೆ ನಿಲ್ಲಿಸಿ, ಮಲಗಿಸಿಟ್ಟಾಗ ಒಳಸೇರಿದ ಗಾಳಿ ಹೋಗಲೆಂದು ನಾಲ್ಕಾರು ಬಾರಿ ಒತ್ತಿ ಎಳೆದು ಕೂರಿಸಿದರು. ಚಕ್ರಗಳ ಅಲೈನ್‌ಮೆಂಟ್ ಮಾಡಿಸಿಕೊಂಡೇ ಮನೆಗೆ ಹೋಗಬೇಕೆಂದು ಕಟ್ಟಪ್ಪಣೆ ಮಾಡಿದರು. ಲೆಕ್ಕ ಹಾಕಿದಾಗ, ಗಾಜಿನ ಬಾಗಿಲಿನವರ ಪಟ್ಟಿಯ ಮೂರನೆಯ ಒಂದು ಭಾಗದಷ್ಟೂ ಖರ್ಚಾಗಿರಲಿಲ್ಲ. ಅರ್ಧ ಬೆಲೆಯ ಪೆಟ್ಟಿಗೆಯನ್ನು ಕೊಂಡಿದ್ದರೆ ಇನ್ನೂ ಕೆಲವು ನೂರು ರೂಪಾಯಿ ಉಳಿಯುತ್ತಿತ್ತು, ನಿಜ. ಆದರೆ ಅದು ಆ ಹುಡುಗನ ಒಂದು ಗೇಣಿನಲ್ಲಿ ಉಳಿಸಿದ ಹಣವಾಗುತ್ತಿತ್ತು. ಮಿತವ್ಯಯವೆಂದರೆ ಎಲ್ಲೆಡೆಯೂ ಕಡಿಮೆ ಕೊಡುವುದೆಂದು ನಾನು ಅಷ್ಟು ವರ್ಷ ತಿಳಿದಿದ್ದೆ. ಎಲ್ಲಿ ಕಡಿಮೆ ಕೊಡಬಾರದೆಂದು ಅರಿಯುವುದೂ ಅದರ ಅರ್ಧ ಭಾಗವೆಂದು ಈಗ ಅನ್ನಿಸುತ್ತದೆ.

ಮುಂದಿನ ತಿಂಗಳು ಅಮ್ಮನನ್ನು ಅದೇ ರಸ್ತೆಯಲ್ಲಿ ಕರೆದೊಯ್ದೆ. ರಿಪೇರಿಯ ಮಾತನ್ನು ಅವರಿಗೆ ತಿಳಿಸಿರಲಿಲ್ಲ. ಹಳ್ಳಗಳು ಇದ್ದಲ್ಲಿಯೇ ಇದ್ದವು, ಮಳೆಗೆ ಇನ್ನೂ ಕೆಲವು ಕೂಡಿಕೊಂಡಿದ್ದವು. ಆ ತಿರುವನ್ನು ದಾಟಿದ ಮೇಲೆ ಹಿಂದಿನ ಸೀಟಿನಿಂದ ಅಮ್ಮ ಕೇಳಿದರು:

“ಏನೋ, ಈ ರಸ್ತೇನ ಯಾವಾಗ ರಿಪೇರಿ ಮಾಡಿಸಿದ್ರು?”